ತಮ್ಮ ಚುನಾವಣೆಗೆ ನಿಂತಿದ್ದಾನೆ, ನಾನು ವಿಲೇಜ್ ಆಫೀಸಿನಲ್ಲಿದ್ದೇನೆ. ಎಂತ ಮಾಡುವುದು?

ಅಡಿಕೆತೋಟ:

ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ನಾನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯವನು. ಕನ್ನಡ ಮತ್ತು ಮಲಯಾಳ ಎರಡೂ ಬಲ್ಲವರಿಗೆ ಪಿಎಸ್‌ಸಿ ಕರೆಯುವ ಕ್ಲರ್ಕ್ ಹುದ್ದೆ ಇದೆಯಲ್ಲ, ಅದರಲ್ಲಿ ಸೇರಿ ಆರು ವರ್ಷ ಆಯಿತು. ಈಗ ಒಂದು ವಿಲೇಜ್ ಆಫೀಸಿನಲ್ಲಿ, ಅಂದರೆ ಕಂದಾಯ ಇಲಾಖೆಯ ಗ್ರಾಮಮಟ್ಟದ ಕಚೇರಿಯಲ್ಲಿದ್ದೇನೆ. ಮನೆಯಿಂದ ಬೈಕಿನಲ್ಲಿ ಇಪ್ಪತ್ತು ನಿಮಿಷ. ಬರುವವರಲ್ಲಿ ಅರ್ಧ ಜನರ ಮನೆ ಎಲ್ಲಿ, ಮಗ ಎಲ್ಲಿ ಕೆಲಸಕ್ಕಿದ್ದಾನೆ ಎಂದೆಲ್ಲ ನನಗೆ ಗೊತ್ತು. ಅವರಿಗೂ ನನ್ನ ಬಗ್ಗೆ ಅಷ್ಟೇ ಗೊತ್ತು.

ಈ ಸಲ ನನ್ನ ತಮ್ಮ ಪಂಚಾಯತ್ ಚುನಾವಣೆಗೆ ನಿಂತಿದ್ದಾನೆ. ಯಾವ ಪಕ್ಷ ಎಂದು ಇಲ್ಲಿ ಬರೆಯುವುದಿಲ್ಲ. ನಾವು ಒಂದೇ ಮನೆಯಲ್ಲಿ ಇರುವುದು. ಅಂಗಳದಲ್ಲಿ ಜೀಪು, ಜೀಪಿನ ಮೇಲೆ ಬಾವುಟ. ರಾತ್ರಿ ಹತ್ತರವರೆಗೆ ಜಗಲಿಯಲ್ಲಿ ಜನ. ಅಮ್ಮ ಚಹಾ ಮಾಡಿ ಮಾಡಿ ಸುಸ್ತಾಗಿದ್ದಾರೆ.

ಹೋದ ವಾರ ಒಬ್ಬರು ಅಜ್ಜಿ ಆಫೀಸಿಗೆ ಬಂದರು. ಆದಾಯ ಸರ್ಟಿಫಿಕೇಟಿನ ವಿಚಾರಣೆ. ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಚೀಲದೊಳಗೆ ರೇಷನ್ ಕಾರ್ಡು, ಅದರೊಳಗೆ ನಾಲ್ಕು ಮಡಿಕೆ ಮಾಡಿದ ಕಾಗದ. ನಾನು ಕೈ ಚಾಚಿದೆ. ಅವರು ಕಾಗದವನ್ನು ಎದೆಗೆ ಹಿಡಿದುಕೊಂಡು ಮೆಲ್ಲಗೆ ಕೇಳಿದರು, 'ಮಗಾ, ನಾವು ಆಚೆ ಪಾರ್ಟಿಯವರು. ಇದು ಆಗ್ತದಾ?'

ಆಗುತ್ತದೆ ಅಜ್ಜಿ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ಎಂದೆ. ಅವರು ತಲೆ ಆಡಿಸಿದರು. ಆದರೆ ಕಾಗದ ಕೊಡಲಿಲ್ಲ. ಬೆಂಚಿನಲ್ಲಿ ಹೋಗಿ ಕೂತರು. ಊಟಕ್ಕೆ ಹೋಗಿದ್ದ ನನ್ನ ಸಹೋದ್ಯೋಗಿ ಬರುವವರೆಗೆ ಮುಕ್ಕಾಲು ಗಂಟೆ ಹಾಗೇ ಕೂತಿದ್ದು, ಅವರ ಕೈಗೆ ಕೊಟ್ಟು ಹೋದರು.

ಆರು ವರ್ಷದಲ್ಲಿ ಒಬ್ಬರ ಫೈಲನ್ನೂ ನಾನು ಆ ಕಣ್ಣಿನಿಂದ ನೋಡಿದವನಲ್ಲ. ಆದರೂ ಅವರು ನನಗೆ ಕಾಗದ ಕೊಡಲಿಲ್ಲ. ಆ ದಿನ ಊಟ ಸೇರಲಿಲ್ಲ.

ಈಗ ಭಾನುವಾರ ಮನೆ ಮನೆ ಭೇಟಿಗೆ 'ನೀನು ಸುಮ್ನೆ ಜೊತೆಗೆ ಬಾ, ಮಾತಾಡಬೇಡ' ಎನ್ನುತ್ತಾನೆ ತಮ್ಮ. ಕುಟುಂಬದ ವಾಟ್ಸಾಪ್ ಗುಂಪು ಪೂರ್ತಿ ಪ್ರಚಾರ ಗುಂಪಾಗಿದೆ. ನಾನು ಎಲ್ಲಿವರೆಗೆ ಹೋಗಬಹುದು? ಎಲ್ಲಿ ನಿಲ್ಲಬೇಕು? ನಿಯಮ ಗೊತ್ತಿರುವವರೂ ಹೇಳಿ, ಇಂಥದ್ದನ್ನು ದಾಟಿ ಬಂದವರೂ ಹೇಳಿ.

ಚಂದ್ರಗಿರಿ ದಡ:

ನಾನು ಕಂದಾಯ ಇಲಾಖೆಯಲ್ಲಿ 31 ವರ್ಷ ಇದ್ದು ನಿವೃತ್ತನಾದವನು. ಮೊದಲು ನಿಯಮ ಹೇಳುತ್ತೇನೆ.

ಕೇರಳದ ನೌಕರರಿಗೆ 1960ರ ಸರಕಾರಿ ನೌಕರರ ನಡವಳಿಕೆ ನಿಯಮ. ಕೇಂದ್ರದವರಿಗೆ 1964ರದ್ದು. ಸಾರ ಒಂದೇ. ಪಕ್ಷದ ಸದಸ್ಯ ಆಗಬಾರದು, ಪ್ರಚಾರ ಮಾಡಬಾರದು, ಪಕ್ಷಕ್ಕೆ ಹಣ ಕೊಡಬಾರದು, ಪ್ರಭಾವ ಬೀರಬಾರದು. ಓಟು ಹಾಕಬಹುದು. ಆದರೆ ಯಾರಿಗೆ ಹಾಕಿದೆ, ಯಾರಿಗೆ ಹಾಕುತ್ತೇನೆ ಎಂದು ಸೂಚನೆ ಕೂಡ ಕೊಡಬಾರದು. ಕೇಂದ್ರದ ನಿಯಮದಲ್ಲಿ ಇನ್ನೊಂದು ಮಾತು ಬಿಡಿಸಿ ಹೇಳಿದ್ದಾರೆ. ಮೈಮೇಲೆ, ವಾಹನದ ಮೇಲೆ, ವಾಸದ ಮನೆಯ ಮೇಲೆ ಚುನಾವಣಾ ಚಿಹ್ನೆ ಹಾಕಿಕೊಂಡರೆ ಅದೂ ಪ್ರಭಾವ ಬೀರಿದ ಹಾಗೆಯೇ. ನೀವು ರಾಜ್ಯದವರಾದರೂ ಆ ಅಳತೆಯನ್ನೇ ಇಟ್ಟುಕೊಳ್ಳಿ, ತಪ್ಪಾಗುವುದಿಲ್ಲ.

ತಮ್ಮ ನಿಲ್ಲುವುದನ್ನು ಯಾರೂ ತಡೆಯುವ ಹಾಗಿಲ್ಲ. ಅದು ಅವನ ಹಕ್ಕು. ನಿಯಮ ಕಟ್ಟಿಹಾಕುವುದು ನಿಮ್ಮನ್ನು.

ಮನೆ ಭೇಟಿಗೆ ಹೋಗಲೇಬೇಡಿ. ಮಾತಾಡದೆ ಹಿಂದೆ ನಿಂತರೂ ಜನ ನೋಡುವುದು ವಿಲೇಜ್ ಆಫೀಸಿನವ ಬಂದಿದ್ದಾನೆ ಎಂದೇ. ನಾಳೆ ಅದೇ ಮನೆಯವರು ನಿಮ್ಮ ಮೇಜಿಗೆ ಬರಬೇಕು. ನೀವು ಮೌನವಾಗಿ ನಿಂತದ್ದೇ ಅವರಿಗೆ ದೊಡ್ಡ ಮಾತು.

ಮತಗಟ್ಟೆ ಏಜೆಂಟ್, ಎಣಿಕೆ ಏಜೆಂಟ್ ಆಗುವ ಯೋಚನೆಯೇ ಬೇಡ. ವಿಧಾನಸಭೆ, ಲೋಕಸಭೆ ಚುನಾವಣೆಯಲ್ಲಿ ಸರಕಾರಿ ನೌಕರ ಏಜೆಂಟ್ ಆದರೆ 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 134ಎ ಪ್ರಕಾರ ಮೂರು ತಿಂಗಳವರೆಗೆ ಜೈಲು ಉಂಟು. ಪಂಚಾಯತ್ ಚುನಾವಣೆ ಬೇರೆ ಆಯೋಗ, ಬೇರೆ ಕಾನೂನು. ಆದರೆ ನಡವಳಿಕೆ ನಿಯಮ ನಿಮ್ಮನ್ನು ಅಲ್ಲಿಯೂ ಬಿಡುವುದಿಲ್ಲ.

ವಾಟ್ಸಾಪ್ ಗುಂಪಿನಿಂದ ಚುನಾವಣೆ ಮುಗಿಯುವವರೆಗೆ ಹೊರಗೆ ಬನ್ನಿ. ಅತ್ತೆ ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ.

ಇನ್ನೊಂದು ಕೆಲಸ ನಾಳೆಯೇ ಮಾಡಿ. ಮೇಲಧಿಕಾರಿಗೆ ಒಂದು ಪುಟದ ಕಾಗದ ಬರೆಯಿರಿ. ನನ್ನ ತಮ್ಮ ಇಂಥ ವಾರ್ಡಿನಲ್ಲಿ ಅಭ್ಯರ್ಥಿ, ಆ ವಾರ್ಡಿನ ಸ್ಥಳ ವಿಚಾರಣೆಗೆ ಚುನಾವಣೆ ಮುಗಿಯುವವರೆಗೆ ಬೇರೆಯವರನ್ನು ಹಾಕಿ ಎಂದು. ಒಪ್ಪಲೇಬೇಕೆಂದಿಲ್ಲ. ಆದರೆ ಕಾಗದ ಫೈಲಿನಲ್ಲಿ ಇರುತ್ತದೆ.

ಕುಂಬಳೆ ಅಂಚೆ:

ಅಂಚೆಯವನು ನಾನು. ಬ್ಯಾಗಿನಲ್ಲಿ ಎಲ್ಲ ಪಕ್ಷದ ಕಾಗದವೂ ಇರುತ್ತದೆ, ಎಲ್ಲರ ಮನೆಗೂ ಹೋಗಬೇಕು. ಚುನಾವಣೆ ಸಮಯದಲ್ಲಿ ಜಗಲಿಯಲ್ಲಿ ಕೂತು ಚಹಾ ಕುಡಿಯುವುದನ್ನೇ ನಿಲ್ಲಿಸುತ್ತೇನೆ. ಒಂದು ಮನೆಯಲ್ಲಿ ಕುಡಿದು ಇನ್ನೊಂದರಲ್ಲಿ ಬೇಡ ಎಂದರೆ ಅದೇ ಸುದ್ದಿ ಆಗುತ್ತದೆ. ಹಾಗಾಗಿ ಎಲ್ಲಿಯೂ ಬೇಡ. ಬಿಸಿಲಿಗೆ ಕಷ್ಟ ಆಗುತ್ತದೆ, ಆದರೂ.

ಕೆಂಪುಕಲ್ಲು:

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ಕೋಪ ಮಾಡಬೇಡಿ.

ನಮ್ಮ ಕೇರಳದಲ್ಲಿ ಪ್ರತಿ ಆಫೀಸಿನಲ್ಲಿ ಮೂರು ನಾಲ್ಕು ನೌಕರರ ಸಂಘಟನೆ ಇದೆ. ಯಾವ ಸಂಘಟನೆ ಯಾವ ಪಕ್ಷದ ಹತ್ತಿರ ಎಂದು ಮಕ್ಕಳಿಗೂ ಗೊತ್ತು. ನಾನೂ ಒಂದರ ಸದಸ್ಯ. ಇದು ಕಾನೂನಿಗೆ ವಿರುದ್ಧ ಅಲ್ಲ. ನನ್ನ ಮಗುವಿಗೆ ಹುಷಾರಿಲ್ಲದಾಗ ನಾನು ಇಡುಕ್ಕಿಯಲ್ಲಿದ್ದೆ. ಒಂಬತ್ತು ತಿಂಗಳು ಅರ್ಜಿ ಹಿಡಿದುಕೊಂಡು ಅಲೆದೆ. ಕೊನೆಗೆ ನನ್ನನ್ನು ಊರಿಗೆ ತಂದದ್ದು ಸಂಘಟನೆ. ಆ ಋಣ ನಾನು ಮರೆಯುವುದಿಲ್ಲ.

ನನ್ನ ಬಣ್ಣ ಎಲ್ಲರಿಗೂ ಗೊತ್ತು. ಆದರೆ ನನ್ನ ಮೇಜಿನಲ್ಲಿ ಒಂದು ಫೈಲು ಕೂಡ ಬಣ್ಣ ನೋಡಿ ನಿಂತಿಲ್ಲ. ಬಣ್ಣ ಮುಚ್ಚಿಟ್ಟುಕೊಂಡು ಒಳಗಿಂದೊಳಗೆ ಆಟ ಆಡುವವರನ್ನೂ ನೋಡಿದ್ದೇನೆ. ಅವರಿಗಿಂತ ಬಿಚ್ಚಿ ಹೇಳಿ ನೇರವಾಗಿ ಕೆಲಸ ಮಾಡುವವನು ಒಳ್ಳೆಯವನಲ್ವಾ? ಮನುಷ್ಯನಿಗೆ ಅಭಿಪ್ರಾಯವೇ ಇರಬಾರದು ಎಂದರೆ ಹೇಗೆ?

ಪೈವಳಿಕೆಯವ:

ನಾನು ನೌಕರನಲ್ಲ, ಕೃಷಿಕ. ಮೇಜಿನ ಆಚೆ ಬದಿಯಲ್ಲಿ ನಿಲ್ಲುವವನು. ಕೆಂಪುಕಲ್ಲು ಅವರಿಗೆ ಒಂದು ವಿಷಯ ಹೇಳಬೇಕು.

ಕೆಲವು ವರ್ಷದ ಹಿಂದೆ ಜಾಗದ ತೆರಿಗೆ ಕಟ್ಟಲು ಒಂದು ಆಫೀಸಿಗೆ ಹೋದೆ. ಯಾವ ಆಫೀಸು ಎಂದು ಬೇಡ. ಕ್ಲರ್ಕಿನ ತಲೆ ಹಿಂದೆ ಗೋಡೆಯಲ್ಲಿ ಸಂಘಟನೆಯ ಕ್ಯಾಲೆಂಡರ್. ಅದರಲ್ಲಿ ಒಬ್ಬ ನಾಯಕರ ಚಿತ್ರ. ನನ್ನ ಮನೆಯವರು ಹಿಂದಿನಿಂದಲೂ ಎದುರು ಪಕ್ಷ. ಅವರು ಕಾಗದ ನೋಡಿ, ಇದು ಸರಿ ಇಲ್ಲ, ಮತ್ತೆ ಬನ್ನಿ ಎಂದರು. ನಾಲ್ಕು ಸಲ ಹೋದೆ. ನಾಲ್ಕು ಸಲವೂ ಆ ಕ್ಯಾಲೆಂಡರ್ ನೋಡಿಕೊಂಡೇ ವಾಪಸ್ ಬಂದೆ. ಬಸ್ಸಿನಲ್ಲಿ, ಅಂಗಡಿಯಲ್ಲಿ, ಮದುವೆ ಮನೆಯಲ್ಲಿ ಎಲ್ಲ ಕಡೆ ಹೇಳಿದೆ, ಆ ಮನುಷ್ಯ ಪಾರ್ಟಿ ನೋಡಿ ಸತಾಯಿಸುತ್ತಾನೆ ಎಂದು.

ಎರಡು ವರ್ಷ ಆದ ಮೇಲೆ ಗೊತ್ತಾಯಿತು, ನನ್ನ ಜಾಗದ ಆಧಾರ ಪತ್ರದಲ್ಲಿಯೇ ಸರ್ವೆ ನಂಬರ್ ತಪ್ಪಿತ್ತು. ಒಂದು ಉಪವಿಭಾಗದ ಸಂಖ್ಯೆ ಅದಲು ಬದಲಾಗಿತ್ತು. ಅವರು ಹೇಳಿದ್ದು ಸರಿಯೇ. ನಾನು ಅವರ ಮಾತು ಕೇಳಿಸಿಕೊಂಡೇ ಇರಲಿಲ್ಲ. ಕ್ಯಾಲೆಂಡರ್ ನೋಡುತ್ತಿದ್ದೆ.

ಆಗ ಅವರಿಗೆ ವರ್ಗ ಆಗಿತ್ತು. ಕ್ಷಮೆ ಕೇಳಲು ಸಿಗಲಿಲ್ಲ.

ನೀವು ಫೈಲು ತಡೆದಿಲ್ಲ ಎಂದು ನಿಮಗೆ ಗೊತ್ತು. ನನಗೆ ಹೇಗೆ ಗೊತ್ತಾಗಬೇಕು ಹೇಳಿ? ನನಗೆ ಕಾಣುವುದು ಗೋಡೆ, ಮುಖ, ಮತ್ತೆ 'ನಾಳೆ ಬನ್ನಿ' ಎಂಬ ಮಾತು. ಅಷ್ಟರಿಂದಲೇ ನಾನು ಲೆಕ್ಕ ಹಾಕಬೇಕು. ಆ ಅಜ್ಜಿಯೂ ಹಾಗೇ ಲೆಕ್ಕ ಹಾಕಿದ್ದು. ಅವರ ತಪ್ಪು ಎಂತದ್ದೂ ಇಲ್ಲ.

ಅಡಿಕೆತೋಟ:

ಪೈವಳಿಕೆಯವರೇ, ಇದನ್ನು ಮೂರು ಸಲ ಓದಿದೆ. ನಾನು ಆ ದಿನದಿಂದ ನನ್ನ ನೋವನ್ನೇ ನೋಡಿಕೊಂಡಿದ್ದೆ. ಅಜ್ಜಿ ಮುಕ್ಕಾಲು ಗಂಟೆ ಬೆಂಚಿನಲ್ಲಿ ಎಂತ ಯೋಚನೆ ಮಾಡಿರಬಹುದು ಎಂದು ಯೋಚಿಸಿಯೇ ಇರಲಿಲ್ಲ.

ಬಾಯಾರು ಮೇಷ್ಟ್ರು:

ನಾನು ಮಂಜೇಶ್ವರ ಕ್ಷೇತ್ರದಲ್ಲಿ ಎಷ್ಟೋ ಚುನಾವಣೆಗೆ ಮತಗಟ್ಟೆ ಅಧಿಕಾರಿಯಾಗಿ ಹೋದವನು. ಇಲ್ಲಿ 2016ರಲ್ಲಿ ಗೆಲುವಿನ ಅಂತರ ಎಷ್ಟು ಗೊತ್ತಲ್ಲ? 89 ಮತ. 2021ರಲ್ಲಿ 745. ಇಂಥ ಕ್ಷೇತ್ರದಲ್ಲಿ ಮತಗಟ್ಟೆಯೊಳಗೆ ಕೂತವನ ಒಂದು ಕಣ್ಸನ್ನೆಗೂ ತೂಕ ಉಂಟು.

ಒಂದು ಸಲದ್ದು ಹೇಳುತ್ತೇನೆ. ಬೆಳಗ್ಗೆ ಏಜೆಂಟರ ಎದುರು ಅಣಕು ಮತದಾನ ಮಾಡಿ, ಅಳಿಸಿ, ಸೀಲು ಹಾಕಿ ಶುರು ಮಾಡಿದ್ದೆವು. ಹನ್ನೊಂದು ಗಂಟೆ ಹೊತ್ತಿಗೆ ಒಬ್ಬರು ಅಮ್ಮ ಬಂದರು. ಎಂಬತ್ತು ದಾಟಿರಬೇಕು. ಎಡಗೈ ತೋರುಬೆರಳಿಗೆ ಶಾಯಿ ಹಾಕಿಸಿಕೊಂಡು ಮರೆಯೊಳಗೆ ಹೋದರು. ಶಬ್ದ ಬರಲಿಲ್ಲ. ಎರಡು ನಿಮಿಷ ಆಯಿತು. ಆಮೇಲೆ ಒಳಗಿಂದಲೇ ತುಳುವಿನಲ್ಲಿ ಕೂಗಿದರು, 'ಮಗಾ, ಓಲು ಒತ್ತೊಡು?' ಎಲ್ಲಿ ಒತ್ತಬೇಕು ಎಂದು.

ಇಡೀ ಕೋಣೆ ನನ್ನನ್ನೇ ನೋಡಿತು. ನಾಲ್ಕು ಏಜೆಂಟರು, ಸಾಲಿನಲ್ಲಿದ್ದವರು, ಬಾಗಿಲಿನ ಪೊಲೀಸ್. ಆ ಅಮ್ಮ ನನ್ನ ಹಳೆಯ ವಿದ್ಯಾರ್ಥಿಯ ತಾಯಿ. ನನ್ನ ಮೇಲೆ ಪೂರ್ತಿ ನಂಬಿಕೆ. ನಾನು ಯಾವುದು ತೋರಿಸಿದರೂ ಒತ್ತುತ್ತಿದ್ದರು.

ಅವರನ್ನು ಹೊರಗೆ ಕರೆದೆ. ನಮಗೆ ಯಂತ್ರದ ರಟ್ಟಿನ ಮಾದರಿ ಕೊಟ್ಟಿರುತ್ತಾರೆ. ಅದರಲ್ಲಿ ನಿಜವಾದ ಹೆಸರು, ಚಿಹ್ನೆ ಇರುವುದಿಲ್ಲ. ಅದನ್ನು ಏಜೆಂಟರ ಎದುರಿಗೇ ಮೇಜಿನ ಮೇಲೆ ಇಟ್ಟೆ. 'ಅಮ್ಮ, ನಿಮಗೆ ಬೇಕಾದವರ ಗುರುತಿನ ಪಕ್ಕ ನೀಲಿ ಗುಂಡಿ ಉಂಟು. ಅದನ್ನು ಗಟ್ಟಿ ಒತ್ತಿ. ಬೀಪ್ ಎಂದು ಕೇಳುವವರೆಗೆ ಕೈ ತೆಗೆಯಬೇಡಿ' ಎಂದು ತುಳುವಿನಲ್ಲೇ ಹೇಳಿಕೊಟ್ಟೆ. 'ಬೇಕಾದವರು ಯಾರು?' ಎಂದು ಅವರು ಮತ್ತೆ ಕೇಳಿದರು. 'ಅದು ನಿಮಗೇ ಗೊತ್ತಿರಬೇಕು, ನನಗೆ ಗೊತ್ತಾಗಬಾರದು' ಎಂದೆ. ಅಷ್ಟು ಹೇಳುವಾಗ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದೆ. ಬೆರಳು ತಪ್ಪಿಯೂ ಯಾವ ಸಾಲಿನ ಕಡೆಗೂ ಹೋಗಬಾರದು ಎಂದು.

ಅವರು ಒಳಗೆ ಹೋದರು. ಬೀಪ್ ಕೇಳಿತು. ಹೋಗುವಾಗ ನನ್ನ ಗಲ್ಲ ಮುಟ್ಟಿ ಹೋದರು. ಒಬ್ಬ ಏಜೆಂಟ್ ಮಧ್ಯಾಹ್ನ ಬಂದು, 'ಮೇಷ್ಟ್ರೇ, ನಿಮ್ಮ ಕೈ ನಾನು ನೋಡಿದೆ' ಎಂದ. ಅವನು ನನ್ನ ಮನೆಯವರ ಪಕ್ಷಕ್ಕೆ ಎದುರು ಪಕ್ಷದ ಹುಡುಗ.

ಚುನಾವಣಾ ಕೆಲಸದಲ್ಲಿ ಇರುವವನು ಅಭ್ಯರ್ಥಿಗೆ ಅನುಕೂಲ ಮಾಡಿದರೆ 1951ರ ಕಾಯ್ದೆಯ 129ನೇ ಸೆಕ್ಷನ್ ಪ್ರಕಾರ ಆರು ತಿಂಗಳವರೆಗೆ ಶಿಕ್ಷೆ ಎಂದು ತರಬೇತಿಯಲ್ಲಿ ಹೇಳುತ್ತಾರೆ. ಹೇಳಬೇಕಾದದ್ದೇ. ಆದರೆ ಆ ಕೋಣೆಯಲ್ಲಿ ನನ್ನ ಕೈ ಕಟ್ಟಿದ್ದು ಆರು ತಿಂಗಳ ಹೆದರಿಕೆಯಲ್ಲ. ಆ ಅಮ್ಮ ನನ್ನನ್ನು ನಂಬಿದ್ದರಲ್ಲ, ಅದು.

ಸುಳ್ಯದಿಂದ:

ನಾವು ಗಡಿಯ ಈಚೆಯವರು. ಕರ್ನಾಟಕದಲ್ಲಿ 1966ರ ನಡವಳಿಕೆ ನಿಯಮ ಹೋಗಿ 2021ರಲ್ಲಿ ಹೊಸದು ಬಂದಿದೆ. ಪಕ್ಷ, ಚುನಾವಣೆ ವಿಷಯದಲ್ಲಿ ಇಲ್ಲಿಯೂ ಅದೇ ಬಿಗಿ. ನಮ್ಮಲ್ಲಿ ಎಷ್ಟೋ ಜನರಿಗೆ ಸಂಬಂಧಿಕರು ಪುತ್ತೂರು, ಸುಳ್ಯ, ಬದಿಯಡ್ಕ ಎರಡೂ ಕಡೆ ಇದ್ದಾರೆ. ಪಕ್ಕದ ರಾಜ್ಯದ ಚುನಾವಣೆಗೆ ಹೋಗಿ ಪ್ರಚಾರ ಮಾಡಿದರೆ ತೊಂದರೆ ಇಲ್ಲ ಎಂದು ಕೆಲವರು ತಿಳಿದುಕೊಂಡಿದ್ದಾರೆ. ತಪ್ಪು. ನೀವು ನೌಕರ ಎಂಬುದು ತಲಪಾಡಿ ಗಡಿ ದಾಟಿದ ಕೂಡಲೇ ಅಳಿಸಿಹೋಗುವುದಿಲ್ಲ.

ಹೊಸಂಗಡಿ ಟೀಚರ್:

ನನಗೆ ಕೇಳಬೇಕಾದದ್ದು ಬೇರೆ. ಯಾರೂ ಎತ್ತದ ಕಾರಣ ನಾನೇ ಎತ್ತುತ್ತೇನೆ.

ನಾನು ಕನ್ನಡ ಮಾಧ್ಯಮ ಶಾಲೆಯ ಶಿಕ್ಷಕಿ. 2017ರಲ್ಲಿ ಮಲಯಾಳ ಕಡ್ಡಾಯ ಕಲಿಕೆಯ ಕಾನೂನು ಬಂದಾಗ ಕಾಸರಗೋಡಿನಲ್ಲಿ ಕನ್ನಡಿಗರು ಬೀದಿಗೆ ಇಳಿದರು. ನಾನು ಒಂದು ದಿನ ರಜೆ ಹಾಕಿ ಹೋಗಿ ಜನರ ನಡುವೆ ನಿಂತೆ. ಘೋಷಣೆ ಕೂಗಲಿಲ್ಲ. ವೇದಿಕೆ ಹತ್ತಲಿಲ್ಲ. ಮಗಳ ಕೈ ಹಿಡಿದುಕೊಂಡು ನಿಂತಿದ್ದೆ ಅಷ್ಟೇ. ಅಲ್ಲಿ ಎಲ್ಲ ಪಕ್ಷದವರೂ ಇದ್ದರು.

ಮರುದಿನ ಸ್ಟಾಫ್ ರೂಮಿನಲ್ಲಿ ಒಬ್ಬರು, 'ಟೀಚರ್ ರಾಜಕೀಯಕ್ಕೆ ಇಳಿದಿದ್ದಾರೆ' ಎಂದರು. ಆ ಮಾತು ಇವತ್ತಿಗೂ ಚುಚ್ಚುತ್ತದೆ. ನನ್ನ ಭಾಷೆ ನನಗೆ ಪಕ್ಷವಾ? 1956ರ ನವೆಂಬರ್ 1ರಂದು ನಮ್ಮನ್ನು ಕೇಳದೆ ಗೆರೆ ಎಳೆದು ಕಾಸರಗೋಡನ್ನು ಕೇರಳಕ್ಕೆ ಸೇರಿಸಿದರು. ಗಡಿ ವಿವಾದ ನೋಡಿದ ಮಹಾಜನ ಆಯೋಗ 1967ರ ವರದಿಯಲ್ಲಿ ಚಂದ್ರಗಿರಿ ಹೊಳೆಯ ಉತ್ತರ ಭಾಗ ಕರ್ನಾಟಕಕ್ಕೆ ಸೇರಬೇಕು ಎಂದಿತು. ಆಗಲಿಲ್ಲ. ಕವಿ ಕಯ್ಯಾರ ಕಿಞ್ಞಣ್ಣ ರೈಗಳೂ ಮೇಷ್ಟ್ರೇ. ಅವರು ಶತಾಯುಷಿಯಾಗಿ 2015ರಲ್ಲಿ ತೀರಿಕೊಳ್ಳುವವರೆಗೂ ಈ ಮಾತು ಬಿಡಲಿಲ್ಲ. ನಾನು ಅಷ್ಟು ದೊಡ್ಡದು ಎಂತದೂ ಕೇಳುವುದಿಲ್ಲ. ನನ್ನ ಮಕ್ಕಳಿಗೆ ಕನ್ನಡದಲ್ಲಿ ಪಾಠ ಉಳಿಯಲಿ ಎನ್ನುತ್ತೇನೆ. ತಟಸ್ಥ ಎಂದರೆ ಇದನ್ನೂ ಬಾಯಿ ಬಿಡಬಾರದಾ?

ಚಂದ್ರಗಿರಿ ದಡ:

ಟೀಚರ್, ನಿಮ್ಮ ಪ್ರಶ್ನೆ ಈ ಚರ್ಚೆಯಲ್ಲೇ ಎಲ್ಲಕ್ಕಿಂತ ಕಷ್ಟದ್ದು. ನನ್ನ ತಿಳುವಳಿಕೆ ಹೇಳುತ್ತೇನೆ.

ನೌಕರನಾದ ಕೂಡಲೇ ಎಲ್ಲ ಹಕ್ಕೂ ಹೋಗುವುದಿಲ್ಲ. 1962ರಲ್ಲಿ ಕಾಮೇಶ್ವರ ಪ್ರಸಾದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಅದನ್ನೇ. ಬಿಹಾರದ ನಿಯಮ ನೌಕರರಿಗೆ ಯಾವ ರೀತಿಯ ಪ್ರದರ್ಶನವನ್ನೂ ಮಾಡಬಾರದು ಎಂದಿತ್ತು. ಶಾಂತಿಯುತ ಪ್ರದರ್ಶನವನ್ನು ಹಾಗೆ ಪೂರ್ತಿ ತಡೆಯಲಾಗದು ಎಂದು ಕೋರ್ಟ್ ಅದನ್ನು ಹೊಡೆದುಹಾಕಿತು. ಮುಷ್ಕರದ ಹಕ್ಕು ಮಾತ್ರ ಇಲ್ಲ ಎಂದಿತು. 2020ರಲ್ಲಿ ತ್ರಿಪುರಾ ಹೈಕೋರ್ಟ್ ಇನ್ನೂ ಹತ್ತಿರದ ವಿಷಯ ಹೇಳಿದೆ. ನಿವೃತ್ತಿಗೆ ನಾಲ್ಕು ದಿನ ಇರುವಾಗ ಒಬ್ಬ ಮಹಿಳಾ ನೌಕರರನ್ನು ರಾಜಕೀಯ ಸಭೆಗೆ ಹೋದರು ಎಂದು ಅಮಾನತು ಮಾಡಿದ್ದರು. ಸಭೆಯಲ್ಲಿ ಹಾಜರಿರುವುದು ಬೇರೆ, ಅದರಲ್ಲಿ ಪಾಲ್ಗೊಳ್ಳುವುದು ಬೇರೆ ಎಂದಿತು ಕೋರ್ಟ್. ಚುನಾವಣೆ ಬಂದಾಗ ಎಲ್ಲ ಪಕ್ಷದ ಭಾಷಣ ಕೇಳಲು ಜನ ಹೋಗುತ್ತಾರೆ, ಹೋದವರೆಲ್ಲ ಆ ಪಕ್ಷದವರಾಗುವುದಿಲ್ಲ ಎಂಬ ಅರ್ಥದಲ್ಲಿ.

ಆದರೆ ಸರಕಾರದ ನೀತಿಯನ್ನು ಬಹಿರಂಗವಾಗಿ ಟೀಕಿಸಬಾರದು ಎಂಬ ನಿಯಮವೂ ಉಂಟು. ಮೈಕಿನಲ್ಲಿ, ಪತ್ರಿಕೆಯಲ್ಲಿ, ಫೇಸ್‌ಬುಕ್ಕಿನಲ್ಲಿ ಹುದ್ದೆಯ ಹೆಸರು ಹಾಕಿ ಬರೆದರೆ ತೊಂದರೆ ಬರುತ್ತದೆ. ಪೋಷಕರ ಸಂಘದಿಂದ ಮನವಿ ಕೊಡುವುದು, ಇಲಾಖೆಗೆ ಬರೆಯುವುದು, ಭಾಷಾ ಅಲ್ಪಸಂಖ್ಯಾತರ ಆಯುಕ್ತರಿಗೆ ದೂರು ಕೊಡುವುದು, ಈ ದಾರಿ ಎಲ್ಲ ತೆರೆದೇ ಇದೆ.

ಇನ್ನು ನಾನು ಗಟ್ಟಿಯಾಗಿ ಹೇಳುವ ಮಾತು. 1969ರ ಕೇರಳ ಅಧಿಕೃತ ಭಾಷಾ ಕಾನೂನಿನಲ್ಲೇ ಇದೆ. ಘೋಷಿತ ಪ್ರದೇಶದ ಕನ್ನಡಿಗರು ಅಲ್ಲಿನ ಸರಕಾರಿ ಕಚೇರಿಗೆ ಕನ್ನಡದಲ್ಲಿ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು. ಹಾಗಾಗಿ ಕನ್ನಡ ಅರ್ಜಿಗೆ ಕನ್ನಡದಲ್ಲಿ ಉತ್ತರ ಬರೆಯುವ ಕ್ಲರ್ಕ್ ಯಾವ ಪಕ್ಷದ ಪರವಾಗಿಯೂ ನಡೆಯುತ್ತಿಲ್ಲ. ಕಾನೂನು ಪಾಲಿಸುತ್ತಿದ್ದಾನೆ. 'ಮಲಯಾಳದಲ್ಲಿ ಬರೆದುಕೊಂಡು ಬನ್ನಿ' ಎಂದು ವಾಪಸ್ ಕಳಿಸುವವನೇ ಕಾನೂನಿನ ಹೊರಗೆ ಹೋದವನು.

ಅಡಿಕೆತೋಟ:

ಈ ವಿಷಯದಲ್ಲಿ ನನ್ನ ಅನುಭವ ಸೇರಿಸುತ್ತೇನೆ. ನಾನು ಕನ್ನಡ ಬಲ್ಲವನು ಎಂದು ಕನ್ನಡದ ಜನ ಸೀದಾ ನನ್ನ ಹತ್ತಿರ ಬರುತ್ತಾರೆ. ಮೊದಲಿಗೆ ಸಂತೋಷ ಆಗುತ್ತಿತ್ತು. ಆಮೇಲೆ ಒಂದು ದಿನ ನೋಡಿದೆ. ಸಾಲಿನಲ್ಲಿ ಬ್ಯಾರಿ ಮಾತಾಡುವ ಒಬ್ಬರು, ಮರಾಠಿ ಮಾತಾಡುವ ಒಬ್ಬರು ಮೊದಲೇ ಬಂದು ನಿಂತಿದ್ದಾರೆ. ನಾನು ಕನ್ನಡದವರನ್ನು 'ಬನ್ನಿ ಬನ್ನಿ' ಎಂದು ಕರೆಯುತ್ತಿದ್ದೇನೆ. ಯಾವ ಕೆಟ್ಟ ಮನಸ್ಸಿನಿಂದಲೂ ಅಲ್ಲ. ನಮ್ಮ ಮಾತು ಕಿವಿಗೆ ಬಿದ್ದರೆ ಕೈ ತಾನೇ ಆ ಕಡೆ ಹೋಗುತ್ತದೆ. ಸಪ್ತಭಾಷೆಯ ಊರು ನಮ್ಮದು ಎಂದು ಹೆಮ್ಮೆಪಡುತ್ತೇವೆ. ಸಾಲು ಕೂಡ ಏಳು ಭಾಷೆಯದ್ದೇ ಅಲ್ವಾ? ಅವತ್ತಿನಿಂದ ತುಂಡು ಕಾಗದದಲ್ಲಿ ನಂಬರ್ ಬರೆದು ಕೊಡುತ್ತೇನೆ. ನಂಬರ್ ಕೂಗುತ್ತೇನೆ, ಮಾತು ಅವರವರ ಭಾಷೆಯಲ್ಲಿ ಆಡುತ್ತೇನೆ.

ಅಂಗನವಾಡಿ ಅಕ್ಕ:

ಪೆರ್ಲದ ಹತ್ತಿರದವಳು ನಾನು. ಅಂಗನವಾಡಿಯ ಜೊತೆಗೆ ಬೂತ್ ಮಟ್ಟದ ಅಧಿಕಾರಿಯ ಕೆಲಸವೂ ಉಂಟು.

ಎಣ್ಮಕಜೆ ಕಡೆ ಎಂಡೋಸಲ್ಫಾನಿನಿಂದ ನರಳಿದ ಮನೆಗಳು ಎಷ್ಟು ಎಂದು ನಿಮಗೆಲ್ಲ ಗೊತ್ತು. ಗೇರು ತೋಟಕ್ಕೆ ಮೇಲಿಂದ ವಿಷ ಚೆಲ್ಲಿದರು. ಸುಪ್ರೀಂ ಕೋರ್ಟ್ 2011ರಲ್ಲಿ ಆ ವಿಷವನ್ನು ದೇಶದಲ್ಲೇ ನಿಷೇಧಿಸಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಮೂರು ತಿಂಗಳೊಳಗೆ ಕೊಡಿ ಎಂದು ಸರಕಾರಕ್ಕೆ ಹೇಳಿತು. ಯಾರು ಸಂತ್ರಸ್ತರು ಎಂದು ವೈದ್ಯಕೀಯ ಶಿಬಿರದಲ್ಲಿ ನೋಡಿ ಪಟ್ಟಿ ಮಾಡುವುದು.

ಒಂದು ಮನೆಗೆ ಹೋಗಿದ್ದೆ. ಹದಿನಾಲ್ಕು ವರ್ಷದ ಮಗ, ಚಾಪೆಯಿಂದ ಏಳಲಾರ. ತಾಯಿ ಅವನ ಬಾಯಿ ಒರೆಸುತ್ತ ನನ್ನನ್ನು ಕೇಳಿದ್ದು ಇಷ್ಟೇ, 'ಅಕ್ಕ, ಪಟ್ಟಿಗೆ ಹೆಸರು ಬರಬೇಕಾದರೆ ಯಾವ ಪಾರ್ಟಿಯವರನ್ನು ಹಿಡಿಯಬೇಕು?' ಡಾಕ್ಟರ್ ಎಲ್ಲಿ ಬರುತ್ತಾರೆ ಎಂದು ಕೇಳಲಿಲ್ಲ. ಯಾವ ಕಾಗದ ಬೇಕು ಎಂದೂ ಕೇಳಲಿಲ್ಲ.

ಯಾರನ್ನೂ ಹಿಡಿಯುವುದು ಬೇಡ, ಶಿಬಿರ ಇರುವಾಗ ನಾನೇ ಬಂದು ಹೇಳುತ್ತೇನೆ ಎಂದೆ. ಹೇಳಿದೆ ಕೂಡ. ಜೀಪು ಹಿಡಿದು ಕಳಿಸಿದೆ. ಜೀಪಿಗೆ ಬಾವುಟ ಇಲ್ಲದ್ದನ್ನೇ ಹುಡುಕಿದೆ. ಬಾವುಟದ ಜೀಪಿನಲ್ಲಿ ಹೋದರೆ ನಾಳೆ ಆ ಪಕ್ಷದವರು ನಾವು ಮಾಡಿಸಿಕೊಟ್ಟದ್ದು ಎನ್ನುತ್ತಾರೆ. ಆ ತಾಯಿಗೆ ಮತ್ತೆ ಒಂದು ಋಣ. ಅವಳ ಹಕ್ಕಿಗೆ ಅವಳು ಯಾರ ಋಣದಲ್ಲಿಯೂ ಇರಬಾರದು.

ಮತದಾರರ ಪಟ್ಟಿ ಕೆಲಸಕ್ಕೆ ಮನೆಗೆ ಹೋಗುವಾಗ ಕೂಡ ಒಂದೇ ಪಕ್ಷದ ಏಜೆಂಟರ ಜೊತೆ ಹೋಗುವುದಿಲ್ಲ. ಹೋದರೆ ಎಲ್ಲರಿಗೂ ಹೇಳಿ ಹೋಗುವುದು, ಇಲ್ಲದಿದ್ದರೆ ಒಬ್ಬಳೇ.

ಕೆಂಪುಕಲ್ಲು:

ಎರಡು ದಿನ ಬರೆಯಲಿಲ್ಲ, ಓದುತ್ತಿದ್ದೆ. ಪೈವಳಿಕೆಯವರ ಕ್ಯಾಲೆಂಡರ್ ಮಾತು ಬಿಡುತ್ತಿಲ್ಲ. ನನ್ನ ಹಿಂದೆಯೂ ಒಂದಿತ್ತು. ಇವತ್ತು ಬೆಳಗ್ಗೆ ತೆಗೆದೆ. ಈಗ ಅಲ್ಲಿ ಮೊಳೆ ಮಾತ್ರ ಇದೆ. ಸಹೋದ್ಯೋಗಿಗಳು ಯಾಕೆ ಎಂದು ಕೇಳಿದರು. ಕ್ಯಾಲೆಂಡರ್ ಮನೆಗೆ ಬೇಕಿತ್ತು ಎಂದೆ. ನಿಜ ಕಾರಣ ಹೇಳಬೇಕಿತ್ತು. ನಾಳೆ ಹೇಳುತ್ತೇನೆ.

ಸಂಘಟನೆ ಬಿಡುವುದಿಲ್ಲ. ವರ್ಗ, ಬಡ್ತಿ, ಪಿಂಚಣಿಗೆ ದನಿ ಎತ್ತಲು ಅದು ಬೇಕು. ಈ ವಿಷಯದಲ್ಲಿ ನಾನು ಚಂದ್ರಗಿರಿ ಸರ್ ಅವರಷ್ಟು ಬಿಗಿ ಅಲ್ಲ, ಆಗುವುದೂ ಇಲ್ಲ. ಆದರೆ ಚುನಾವಣೆ ಬಂದಾಗ ಸಂಘಟನೆಯ ಹೆಸರಿನಲ್ಲಿ ಕರಪತ್ರ ಹಂಚಲು ಕರೆಯುತ್ತಾರಲ್ಲ, ಅದಕ್ಕೆ ಇನ್ನು ಹೋಗುವುದಿಲ್ಲ.

ಪೈವಳಿಕೆಯವ:

ನಿಮ್ಮ ಆಫೀಸು ಯಾವುದು ಎಂದು ಕೇಳುವುದಿಲ್ಲ. ಆದರೆ ತುಂಬ ಸಮಾಧಾನ ಆಯಿತು.

ಕುಂಬಳೆ ಅಂಚೆ:

ಒಂದು ಸಂಶಯ. ಸೇವೆಗೆ ಸೇರುವ ಮೊದಲು ಕಾಲೇಜಿನಲ್ಲಿ ಪಕ್ಷದ ವಿದ್ಯಾರ್ಥಿ ಸಂಘದಲ್ಲಿ ಇದ್ದವರಿಗೆ ತೊಂದರೆ ಉಂಟಾ? ನನ್ನ ಅಳಿಯನಿಗೆ ಈಗ ಕೆಲಸ ಸಿಕ್ಕಿದೆ, ಹೆದರಿದ್ದಾನೆ.

ಚಂದ್ರಗಿರಿ ದಡ:

ಹೆದರಬೇಕಿಲ್ಲ. ಮಧ್ಯಪ್ರದೇಶದ ಒಬ್ಬ ಶಿಕ್ಷಕರನ್ನು ಹಳೆಯ ರಾಜಕೀಯದ ಪೊಲೀಸ್ ವರದಿ ನೋಡಿ ಕೆಲಸದಿಂದ ತೆಗೆದಿದ್ದರು. 1983ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಸೇರಿದ ದಿನದಿಂದ ಹೇಗಿರುತ್ತಾನೆ ಎಂಬುದು ಮುಖ್ಯ.

ಇದರ ಜೊತೆಗೆ ಅಡಿಕೆತೋಟ ಅವರಿಗೆ ಒಂದು ಮಾತು ಬಾಕಿ ಇದೆ. ನಿಮ್ಮ ತಮ್ಮ ಗೆದ್ದರೂ ಸೋತರೂ ಫೋನ್ ಬರುತ್ತದೆ. 'ಇವರದ್ದು ಸ್ವಲ್ಪ ಬೇಗ ಮಾಡಿ', 'ಅವರದ್ದು ಸ್ವಲ್ಪ ನಿಲ್ಲಿಸಿ'. ಯಾವ ಪಕ್ಷದವರಾದರೂ ಮಾಡುತ್ತಾರೆ. 2013ರ ಅಕ್ಟೋಬರ್ 31ರಂದು ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿದೆ, ಅಧಿಕಾರಿಗಳು ಬಾಯಿಮಾತಿನ ಆದೇಶದ ಮೇಲೆ ನಡೆಯಬಾರದು, ಬರಹದಲ್ಲಿ ಇರಬೇಕು ಎಂದು. ಟಿ.ಎಸ್.ಆರ್. ಸುಬ್ರಮಣಿಯನ್ ಮತ್ತು ಇತರ ನಿವೃತ್ತ ಅಧಿಕಾರಿಗಳು ಹಾಕಿದ್ದ ಅರ್ಜಿ ಅದು. ನಾನು ಕೊನೆಯ ವರ್ಷಗಳಲ್ಲಿ ಅದನ್ನೇ ಹಿಡಿದುಕೊಂಡಿದ್ದೆ. ಫೋನ್ ಬಂದರೆ ಒಂದೇ ಉತ್ತರ, 'ಖಂಡಿತ, ಒಂದು ಚೀಟಿ ಬರೆದು ಕೊಡಿ, ಫೈಲಿಗೆ ಸೇರಿಸುತ್ತೇನೆ.' ಹತ್ತರಲ್ಲಿ ಒಂಬತ್ತು ಫೋನ್ ಅಲ್ಲಿಗೇ ಮುಗಿಯುತ್ತಿತ್ತು. ಬರೆದು ಕೊಟ್ಟವರದ್ದು ಹೆಚ್ಚಾಗಿ ನ್ಯಾಯವಾದ ಕೆಲಸವೇ ಆಗಿರುತ್ತಿತ್ತು. ಒಮ್ಮೆ ಒಬ್ಬರು ಬರೆದೇ ಕೊಟ್ಟರು. ನೋಡಿದರೆ ನಮ್ಮ ಆಫೀಸಿನದ್ದೇ ವಿಳಂಬ. ಅವತ್ತೇ ಮಾಡಿಕೊಟ್ಟೆ.

ಬಾಯಾರು ಮೇಷ್ಟ್ರು:

ಮನೆಯವರ ಜೊತೆ ಜಗಳ ಮಾಡಬೇಡಿ ಅಡಿಕೆತೋಟ ಅವರೇ. ತಮ್ಮನನ್ನು ಕೂರಿಸಿ, ಆ ಅಜ್ಜಿಯ ಕಥೆ ಹೇಳಿ. ನಿಯಮಕ್ಕಿಂತ ಅದು ಬೇಗ ಅರ್ಥ ಆಗುತ್ತದೆ.

ಅಡಿಕೆತೋಟ:

ಎಲ್ಲರಿಗೂ ಬರೆದು ಮೂರು ವಾರ ಆಯಿತು. ಏನಾಯಿತು ಎಂದು ಹೇಳಬೇಕಲ್ಲ.

ಮೇಲಧಿಕಾರಿಗೆ ಕಾಗದ ಕೊಟ್ಟೆ. ಓದಿ, ಏನೂ ಹೇಳದೆ ಸಹಿ ಹಾಕಿದರು. ಆ ವಾರ್ಡಿನ ವಿಚಾರಣೆ ಬೇರೆಯವರಿಗೆ ಹೋಯಿತು. ತಮ್ಮನಿಗೆ ಅಜ್ಜಿಯ ಕಥೆ ಹೇಳಿದೆ. ಮೊದಲು 'ಯಾವ ಅಜ್ಜಿ?' ಎಂದು ಕೇಳಿದ. ಹೇಳುವುದಿಲ್ಲ ಎಂದೆ. ಸ್ವಲ್ಪ ಹೊತ್ತು ಸುಮ್ಮನೆ ಕೂತ. ಮರುದಿನ ಜೀಪು ಅಂಗಳದಿಂದ ಜಂಕ್ಷನ್ನಿಗೆ ಹೋಯಿತು. ಸಭೆಗಳು ಅವನ ಗೆಳೆಯನ ಮನೆಗೆ ಹೋದವು. ಅಮ್ಮನಿಗೆ ವಿಶ್ರಾಂತಿ ಸಿಕ್ಕಿತು.

ಓಟು ಹಾಕಿದೆ. ಯಾರಿಗೆ ಎಂದು ತಮ್ಮ ಕೇಳಲಿಲ್ಲ, ನಾನೂ ಹೇಳಲಿಲ್ಲ.

ತಮ್ಮ ಸೋತ. 31 ಮತ.

ಸೋತ ರಾತ್ರಿ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಅಮ್ಮ ಅಡುಗೆಮನೆಯಲ್ಲಿ ಬೆರಳು ಮಡಚುತ್ತ ಲೆಕ್ಕ ಹಾಕುತ್ತಿದ್ದರು. ಆ ಮನೆಯವರು ಕೈಕೊಟ್ಟರು, ಈ ಮನೆಯವರು ಕೈಕೊಟ್ಟರು. ಎಂಟು ಮನೆ. ನಾನು ಎದ್ದು ಹೋಗಬೇಕಿತ್ತು. ಹೋಗಲಿಲ್ಲ. ಎಂಟೂ ಹೆಸರು ಕೇಳಿಸಿಕೊಂಡೆ. ನನಗೂ ಸಿಟ್ಟು ಬಂತು. ತಮ್ಮ ಮೂಲೆಯಲ್ಲಿ ಕೂತು ಅಳುತ್ತಿದ್ದ. ಅವನನ್ನು ಎತ್ತಿ ಆಡಿಸಿದವನು ನಾನು.

ಮೂರನೇ ದಿನ ಆಫೀಸಿನಲ್ಲಿ ನಂಬರ್ ಏಳು ಎಂದು ಕೂಗಿದೆ. ತಲೆ ಎತ್ತಿದರೆ, ಅಮ್ಮನ ನಾಲ್ಕನೇ ಬೆರಳು. ಜಾಗದ ಸ್ವಾಧೀನ ಸರ್ಟಿಫಿಕೇಟಿಗೆ ಬಂದಿದ್ದರು, ಮಗಳ ಬ್ಯಾಂಕ್ ಸಾಲಕ್ಕೆ. ಅವರಿಗೂ ಮುಜುಗರ. ನೆಲ ನೋಡುತ್ತಿದ್ದರು. ನನ್ನ ಕಿವಿ ಬಿಸಿಯಾಯಿತು, ಸುಳ್ಳು ಹೇಳುವುದಿಲ್ಲ. ಕಾಗದ ತೆಗೆದುಕೊಂಡೆ. ತೆರಿಗೆ ರಶೀದಿ ಹಳೆಯದಾಗಿತ್ತು. ಬೇರೆ ದಿನ ಆದರೆ 'ಹೊಸದು ತನ್ನಿ' ಎಂದು ಹೇಳಿ ಮುಗಿಸುತ್ತಿದ್ದೆ. ಅವತ್ತು ಒಂದು ಚೀಟಿಯಲ್ಲಿ ಕನ್ನಡದಲ್ಲಿ ಬರೆದು ಕೊಟ್ಟೆ. ಯಾವ ವರ್ಷದ್ದು ಬೇಕು, ಎಲ್ಲಿ ಕಟ್ಟಬೇಕು, ಮತ್ತೆ ಎಷ್ಟು ಗಂಟೆಗೆ ಬರಬೇಕು ಎಂದು. 'ನಾಳೆ ಬನ್ನಿ' ಎಂಬ ಮಾತು ಅವರ ಕಿವಿಗೆ ಹೇಗೆ ಕೇಳಿಸಬಹುದು ಎಂದು ಪೈವಳಿಕೆಯವರು ಕಲಿಸಿದ್ದರಲ್ಲ. ಅವರು ಮರುದಿನ ಬಂದರು. ಕೆಲಸ ಆಯಿತು.

ಈಗ ಎಲ್ಲರಿಗೂ ಇದೇ ರೀತಿ ಚೀಟಿ ಬರೆದು ಕೊಡುತ್ತಿದ್ದೇನೆ. ಸಮಯ ಜಾಸ್ತಿ ಹಿಡಿಯುತ್ತದೆ.

ಆ ಅಜ್ಜಿ ಮತ್ತೆ ಬಂದಿಲ್ಲ.

ಚಂದ್ರಗಿರಿ ಸರ್, ನೀವು ಹೇಳಿದ ಫೋನ್ ಕೂಡ ಬಂತು. ಗೆದ್ದ ಸದಸ್ಯರದ್ದು. ಒಬ್ಬರದ್ದು ಬೇಗ ಮಾಡಿ ಎಂದರು. ಚೀಟಿ ಬರೆದು ಕೊಡಿ ಎಂದೆ. ಸ್ವಲ್ಪ ಹೊತ್ತು ಮೌನ. ಆಮೇಲೆ, 'ನಿಮ್ಮ ತಮ್ಮ ಕೇಳಿದ್ದರೂ ಚೀಟಿ ಕೇಳುತ್ತಿದ್ದಿರಾ?' ಎಂದರು. ಹೌದು ಎಂದೆ. ಸೋಮವಾರ ಬರೆದುಕೊಂಡು ಬರುತ್ತೇನೆ ಎಂದಿದ್ದಾರೆ.